ಮಾಗಡಿ ಕೆರೆಯೋ, ರಾಣೆಬೆನ್ನೂರೋ: ಜನವರಿಯ ಒಂದೂವರೆ ದಿನದಲ್ಲಿ ಎಲ್ಲಿಗೆ ಹೋಗಬೇಕು?

ವಿದ್ಯಾನಗರದ ಅಕ್ಕ
ಎಲ್ಲರಿಗೂ ನಮಸ್ಕಾರ. ನಮ್ಮ ಓಣಿಯ ಕೆಲವು ಮನೆಯವರು ಸೇರಿ, ಸಂಕ್ರಾಂತಿ ಕಳೆದ ಮೇಲಿನ ಒಂದು ಶನಿವಾರ ಮಧ್ಯಾಹ್ನ ಹುಬ್ಬಳ್ಳಿಯಿಂದ ಹೊರಟು ರವಿವಾರ ರಾತ್ರಿ ಮನೆ ಸೇರುವಂತೆ ಒಂದು ಪ್ರವಾಸವನ್ನು ಯೋಚಿಸಿದ್ದೇವೆ. ಈ ಸಲ ಗುಡಿ, ಪೇಟೆ ಎಂದು ಅಲೆಯದೆ ಕೆರೆ, ಹಕ್ಕಿ, ಕಾಡುಪ್ರಾಣಿಗಳನ್ನೇ ನೋಡಬೇಕೆಂದು ಮಕ್ಕಳು ಹಟ ಹಿಡಿದಿದ್ದಾರೆ. ಗದಗ ಜಿಲ್ಲೆಯ ಮಾಗಡಿ ಕೆರೆ, ಕಪ್ಪತಗುಡ್ಡ, ಬಂಕಾಪುರದ ನವಿಲುಧಾಮ, ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ, ಅತ್ತಿವೇರಿಯ ಪಕ್ಷಿಧಾಮ, ಈ ಐದರ ಹೆಸರು ನಮ್ಮ ಪಟ್ಟಿಯಲ್ಲಿದೆ. ಒಂದು ಟೆಂಪೊ ಟ್ರಾವೆಲರ್ ಗೊತ್ತು ಮಾಡಿದ್ದೇವೆ. ನಮ್ಮೊಂದಿಗೆ ಮೊಣಕಾಲು ನೋವಿರುವ ಅತ್ತೆಯವರೂ, ಒಂದನೆಯ ತರಗತಿಯಿಂದ ಹತ್ತನೆಯ ತರಗತಿಯವರೆಗಿನ ಮಕ್ಕಳೂ ಇರುತ್ತಾರೆ. ಇವುಗಳಲ್ಲಿ ಯಾವುದನ್ನು ಉಳಿಸಿಕೊಂಡು ಯಾವುದನ್ನು ಬಿಡಬೇಕು, ಯಾವ ಹೊತ್ತಿಗೆ ಎಲ್ಲಿರಬೇಕು ಎಂಬುದನ್ನು ಬಲ್ಲವರು ತಿಳಿಸಬೇಕು.

ಶಿಗ್ಗಾವಿ ಸಂಚಾರಿ
ಐದನ್ನೂ ನೋಡಬಹುದು, ಅಕ್ಕಾ. ಶನಿವಾರ ಮಧ್ಯಾಹ್ನ ಅತ್ತಿವೇರಿ, ಸಂಜೆ ಬಂಕಾಪುರ. ರಾತ್ರಿ ಹಾವೇರಿಯಲ್ಲಿ ವಸತಿ. ರವಿವಾರ ಬೆಳಿಗ್ಗೆ ರಾಣೆಬೆನ್ನೂರು ಮುಗಿಸಿ, ಮಧ್ಯಾಹ್ನ ಊಟದ ಹೊತ್ತಿಗೆ ಮಾಗಡಿ ಕೆರೆಗೆ ಬಂದು, ಅಲ್ಲಿಂದ ಕಪ್ಪತಗುಡ್ಡದ ಕಡೆ ಒಂದು ಸುತ್ತು ಹಾಕಿ ಗದಗದ ಮೇಲೆ ಹುಬ್ಬಳ್ಳಿಗೆ ಮರಳಬಹುದು. ರಸ್ತೆ ಬಹುಪಾಲು ಚೆನ್ನಾಗಿದೆ. ಚಾಲಕ ಚುರುಕಾಗಿದ್ದರೆ ಯಾವ ತೊಂದರೆಯೂ ಇಲ್ಲ.

ಗದಗಿನ ಹಕ್ಕಿಗಣ್ಣು
ಶಿಗ್ಗಾವಿಯ ಅಣ್ಣನವರ ಯೋಜನೆಯಲ್ಲಿ ಗಾಡಿ ಎಲ್ಲ ಊರುಗಳನ್ನೂ ಮುಟ್ಟುತ್ತದೆ ಎಂಬುದನ್ನು ಒಪ್ಪುತ್ತೇನೆ, ಆದರೆ ಮಕ್ಕಳಿಗೆ ಯಾವುದೂ ಕಾಣುವುದಿಲ್ಲ. ಮಾಗಡಿ ಕೆರೆಗೆ ಮಧ್ಯಾಹ್ನ ಹೋಗುವುದನ್ನು ನಾನು ಯಾರಿಗೂ ಹೇಳುವುದಿಲ್ಲ. ಅಲ್ಲಿಗೆ ಬರುವ ಮುಖ್ಯ ಅತಿಥಿ ಪಟ್ಟೆತಲೆ ಹೆಬ್ಬಾತು. ಇದು ಮಂಗೋಲಿಯಾ, ಟಿಬೆಟ್, ಲಡಾಖ್ ಕಡೆಯ ಎತ್ತರದ ಸರೋವರಗಳಲ್ಲಿ ಮರಿ ಮಾಡಿ, ಚಳಿ ಬಿದ್ದೊಡನೆ ಹಿಮಾಲಯವನ್ನು ದಾಟಿ ನಮ್ಮ ಕಡೆ ಇಳಿಯುವ ಹಕ್ಕಿ. ಇದರ ದಿನಚರಿ ನಮ್ಮ ದಿನಚರಿಗೆ ತಲೆಕೆಳಗು. ಸೂರ್ಯ ಮುಳುಗುವ ಹೊತ್ತಿಗೆ ಗುಂಪು ಗುಂಪಾಗಿ ಕೆರೆಯಿಂದ ಎದ್ದು ಹೊಲಗಳಿಗೆ ಮೇಯಲು ಹೋಗುತ್ತದೆ. ಬೆಳಗಾಗುವಾಗ ಮರಳಿ ಬಂದು, ಹಗಲೆಲ್ಲ ನೀರಿನ ಅಂಚಿನಲ್ಲಿ ಕುಳಿತು ವಿಶ್ರಮಿಸುತ್ತದೆ. ಹಾಗಾಗಿ ನಡುಹಗಲಿನಲ್ಲಿ ಹೋದವರಿಗೆ ದೂರದಲ್ಲಿ ಬೂದುಬಣ್ಣದ ಒಂದು ಗೆರೆ ಕಾಣುತ್ತದೆಯೇ ಹೊರತು ಹಕ್ಕಿ ಕಾಣುವುದಿಲ್ಲ. ಆಗ ಬೇಸರಗೊಂಡ ಮಕ್ಕಳು ಕೂಗುತ್ತಾರೆ, ಹಿರಿಯರಲ್ಲಿ ಒಬ್ಬರು ಕಲ್ಲು ಬೀಸುತ್ತಾರೆ. ಇದನ್ನು ನಾನು ಕಣ್ಣಾರೆ ಕಂಡು ನೊಂದಿದ್ದೇನೆ.

ಜನವರಿಯಲ್ಲಿ ನಮ್ಮಲ್ಲಿ ಸೂರ್ಯೋದಯ ಏಳರ ಆಸುಪಾಸಿನಲ್ಲಿ ಆಗುತ್ತದೆ. ಆರೂವರೆಗೆ ನೀವು ಕೆರೆಯ ಬಳಿ ಇರಬೇಕು. ಮೊದಲು ಸದ್ದು ಕೇಳಿಸುತ್ತದೆ, ಆಮೇಲೆ ಓರೆಯಾದ ಸಾಲುಗಳು ಕಾಣುತ್ತವೆ. ನೀರಿಗೆ ಇಳಿಯುವ ಮುನ್ನ ಹಕ್ಕಿಗಳು ಕಾಲು ಮುಂದೆ ಚಾಚಿ, ರೆಕ್ಕೆಯನ್ನು ಅಡ್ಡ ಹಿಡಿದು ವೇಗ ತಗ್ಗಿಸುವುದನ್ನು ಬರಿಗಣ್ಣಿನಿಂದಲೇ ನೋಡಬಹುದು. ಬೆಳಕು ಬಲಿತ ಮೇಲೆ ಬೈನಾಕ್ಯುಲರ್ ಹಿಡಿದರೆ, ಬಿಳಿಯ ತಲೆಯ ಹಿಂಬದಿಯಲ್ಲಿ ಎರಡು ಕಪ್ಪು ಪಟ್ಟೆಗಳೂ, ಹಳದಿ ಕೊಕ್ಕಿನ ತುದಿಯ ಕಪ್ಪು ಚುಕ್ಕೆಯೂ ಸ್ಪಷ್ಟವಾಗಿ ತೋರುತ್ತವೆ. ಅದನ್ನು ನೋಡಿದ ಮಗು ಆಮೇಲೆ ಯಾವ ಬಾತನ್ನು ಕಂಡರೂ ತಲೆಯ ಹಿಂಬದಿಯನ್ನೇ ಹುಡುಕುತ್ತದೆ.

ಬ್ಯಾಡಗಿಯ ಹುಡುಗ
ಬೆಳಗಿನ ಹೊತ್ತು ಮಾಗಡಿಗೆ ಕೊಟ್ಟರೆ ರಾಣೆಬೆನ್ನೂರಿಗೆ ಯಾವ ಹೊತ್ತು ಉಳಿಯುತ್ತದೆ? ಕೃಷ್ಣಮೃಗವನ್ನು ನೋಡಲಿಕ್ಕೂ ಬೆಳಗ್ಗೆಯೇ ಹೋಗಬೇಕಲ್ಲವೇ?

ಗದಗಿನ ಹಕ್ಕಿಗಣ್ಣು
ತಮ್ಮಾ, ಅದನ್ನೇ ಹೇಳಲು ಹೊರಟಿದ್ದೇನೆ. ಇರುವುದು ಒಂದೇ ಬೆಳಗು, ಅದನ್ನು ಎರಡು ಕಡೆ ಖರ್ಚು ಮಾಡಲಾಗುವುದಿಲ್ಲ. ಜನವರಿಯಲ್ಲಿ ಅದು ಮಾಗಡಿಗೇ ಸಲ್ಲಬೇಕು, ಏಕೆಂದರೆ ಹೆಬ್ಬಾತುಗಳು ಫೆಬ್ರವರಿ ಕಳೆಯುತ್ತಿದ್ದಂತೆ ಮರಳಿ ಉತ್ತರಕ್ಕೆ ಹೊರಡುತ್ತವೆ. ಕೃಷ್ಣಮೃಗ ವರ್ಷವಿಡೀ ಅಲ್ಲಿಯೇ ಇರುತ್ತದೆ.

ನವಿಲೂರು
ಬಂಕಾಪುರಕ್ಕೆ ಸಂಜೆ ಹೋಗಿ, ನವಿಲು ಕಂಡೇ ಕಾಣುತ್ತದೆ.

ಹಾನಗಲ್ಲ ಮನೆ
ಬಂಕಾಪುರದ ಬಗ್ಗೆ ಒಂದೆರಡು ಮಾತು ಸೇರಿಸುತ್ತೇನೆ. ಹಳೆಯ ಕೋಟೆಯ ಆವರಣದ 139 ಎಕರೆ ಪ್ರದೇಶವನ್ನು 2006ರಲ್ಲಿ ನವಿಲುಧಾಮವೆಂದು ಘೋಷಿಸಲಾಯಿತು. ಅಲ್ಲಿ ಖಿಲಾರಿ ದನಗಳ ತಳಿ ಸಂವರ್ಧನೆಯೂ ನಡೆಯುತ್ತದೆ. ಕೋಟೆಯ ಕಂದಕದ ಮುಳ್ಳುಪೊದೆಗಳೂ, ದನಗಳಿಗಾಗಿ ಬೆಳೆಸುವ ಮೇವಿನ ಹೊಲಗಳೂ ನವಿಲಿಗೆ ಒಗ್ಗಿಬಂದಿವೆ. ಒಳಗಿರುವ ನಗರೇಶ್ವರ ಗುಡಿಯ ಕಂಬಗಳ ಸಾಲು ನೋಡಲೇಬೇಕಾದದ್ದು. ಗುಡಿ ಬೇಡವೆಂದು ಮಕ್ಕಳು ಹೇಳಿದ್ದರೂ ಆ ಕಂಬಗಳ ನಡುವೆ ಅವರನ್ನು ಒಮ್ಮೆ ಓಡಾಡಲು ಬಿಡಿ.

ಅತ್ತಿವೇರಿಯನ್ನು ಮಾತ್ರ ಈ ಸಲ ಬಿಡುವುದು ಒಳ್ಳೆಯದು. ಅದು ಉತ್ತರ ಕನ್ನಡದ ಮುಂಡಗೋಡ ತಾಲ್ಲೂಕಿನಲ್ಲಿದೆ, ಹುಬ್ಬಳ್ಳಿಯಿಂದ 40 ಕಿಲೋಮೀಟರಿಗೆ ತುಸು ಹೆಚ್ಚು ದೂರ. ಜಲಾಶಯದ ನಡುವಿನ ಗಿಡಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆ, ಕರಿತಲೆ ಕೆಂಬರಲು, ಚಮಚಕೊಕ್ಕುಗಳು ಗೂಡು ಕಟ್ಟುತ್ತವೆ. ಅದರ ಸೊಗಸು ಮಳೆಗಾಲ ಮತ್ತು ಅದರ ಬೆನ್ನಿಗೆ ಬರುವ ತಿಂಗಳುಗಳಲ್ಲಿದೆ. ಹುಬ್ಬಳ್ಳಿಯಿಂದ ಅರ್ಧ ದಿನದಲ್ಲಿ ಹೋಗಿ ಬರಬಹುದಾದ ಜಾಗವನ್ನು ಗದಗ ಜಿಲ್ಲೆಯ ಪ್ರವಾಸದೊಂದಿಗೆ ಜೋಡಿಸುವ ಅಗತ್ಯವಿಲ್ಲ.

ಶಿಗ್ಗಾವಿ ಸಂಚಾರಿ
ಹೀಗೆ ಒಂದೊಂದನ್ನೇ ಬಿಡುತ್ತ ಹೋದರೆ ಪಟ್ಟಿಯಲ್ಲಿ ಉಳಿಯುವುದೇನು? ಅಷ್ಟು ಜನ ಹಣ ಹಾಕಿ ಗಾಡಿ ಮಾಡಿಕೊಂಡು ಹೊರಟಿದ್ದಾರೆ. ಒಂದೇ ಕೆರೆಯ ದಂಡೆಯಲ್ಲಿ ಎಲ್ಲರನ್ನೂ ಕೂರಿಸಿದರೆ ಮನೆಮಂದಿ ಒಪ್ಪುತ್ತಾರೆಯೇ ಎಂಬುದನ್ನೂ ನೋಡಬೇಕು. ಎಲ್ಲರಿಗೂ ಹಕ್ಕಿಯ ಹುಚ್ಚು ಇರುವುದಿಲ್ಲ.

ಧಾರವಾಡದ ಜೀವಶಾಸ್ತ್ರ ಮೇಷ್ಟ್ರು
ಮಾಗಡಿ ಕೆರೆಯನ್ನು 'ಒಂದೇ ಕೆರೆ' ಎಂದು ಬದಿಗೆ ಸರಿಸುವಂತಿಲ್ಲ. 1971ರ ಫೆಬ್ರವರಿ 2ರಂದು ಇರಾನಿನ ರಾಮ್ಸರ್ ಎಂಬ ಊರಿನಲ್ಲಿ ಜೌಗು ಪ್ರದೇಶಗಳ ರಕ್ಷಣೆಗಾಗಿ ಒಂದು ಅಂತರರಾಷ್ಟ್ರೀಯ ಒಪ್ಪಂದವಾಯಿತು; ಭಾರತ ಅದರೊಳಗೆ ಸೇರಿದ್ದು 1982ರಲ್ಲಿ. ಆ ಒಪ್ಪಂದದ ಪಟ್ಟಿಯಲ್ಲಿ ಕರ್ನಾಟಕದಿಂದ ಮೊದಲು ಸೇರಿದ್ದು ರಂಗನತಿಟ್ಟು, 2022ರಲ್ಲಿ. 2024ರ ಆರಂಭದಲ್ಲಿ ಅಂಕಸಮುದ್ರ, ಅಘನಾಶಿನಿ ಅಳಿವೆ ಮತ್ತು ನಮ್ಮ ಮಾಗಡಿ ಕೆರೆ ಸೇರಿದವು. ಕೆರೆಯ ಸಂರಕ್ಷಿತ ಪ್ರದೇಶ ಸುಮಾರು 50 ಹೆಕ್ಟೇರ್ ಮಾತ್ರ. ಅಷ್ಟು ಪುಟ್ಟ ಜಾಗಕ್ಕೆ ಚಳಿಗಾಲದಲ್ಲಿ ಅಂದಾಜು 8,000 ಹಕ್ಕಿಗಳು ಬರುತ್ತವೆ. ದಕ್ಷಿಣ ಭಾರತದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲ ಕಳೆಯುವ ಅತಿ ದೊಡ್ಡ ನೆಲೆಗಳಲ್ಲಿ ಇದೂ ಒಂದು. ಅಪಾಯದ ಅಂಚಿನಲ್ಲಿರುವ ನದಿ ರೀವ ಮತ್ತು ಪೋಚಾರ್ಡ್ ಬಾತು ಇಲ್ಲಿ ಸಿಗುತ್ತವೆ. ಹಾವಕ್ಕಿ, ಬಣ್ಣದ ಕೊಕ್ಕರೆ, ಬಿಳಿಕುತ್ತಿಗೆಯ ಕೊಕ್ಕರೆ, ಕರಿತಲೆ ಕೆಂಬರಲುಗಳೂ ಇವೆ.

ಇದು ತಾನಾಗಿ ಉಂಟಾದ ಸರೋವರವಲ್ಲ ಎಂಬುದನ್ನು ಮಕ್ಕಳಿಗೆ ತಪ್ಪದೆ ಹೇಳಿ. ಮಳೆಯ ನೀರನ್ನು ಹಿಡಿದು ಹೊಲಗಳಿಗೆ ಉಣಿಸಲು ನಮ್ಮ ಹಿಂದಿನವರು ಒಡ್ಡು ಹಾಕಿ ಕಟ್ಟಿದ ಕೆರೆ ಇದು. ರೈತನಿಗಾಗಿ ಕಟ್ಟಿದ ನೀರು ಹಕ್ಕಿಗೂ ಒದಗಿತು.

ಉಣಕಲ್ ವಾಸಿ
ಮೇಷ್ಟ್ರ ಮಾತನ್ನು ಪೂರ್ಣವಾಗಿ ಒಪ್ಪುತ್ತೇನೆ, ಆದರೆ ನನ್ನದೊಂದು ತಕರಾರಿದೆ. ವಿದ್ಯಾನಗರದಿಂದ ಕೂಗಳತೆಯಲ್ಲಿ ಉಣಕಲ್ ಕೆರೆ ಇದೆ, ಇತ್ತ ತೋಳನಕೆರೆ ಇದೆ, ಧಾರವಾಡಕ್ಕೆ ಹೋದರೆ ಕೆಲಗೇರಿ ಕೆರೆ ಇದೆ. ಒಂದು ಕಾಲಕ್ಕೆ ಹುಬ್ಬಳ್ಳಿಗೆ ಕುಡಿಯುವ ನೀರು ಕೊಟ್ಟ ಉಣಕಲ್ ಕೆರೆಯ ಮೇಲೆ ಅಂತರಗಂಗೆ ಹಬ್ಬಿ ನೀರೇ ಕಾಣದಂತಾದ ವರ್ಷಗಳನ್ನು ನಾವೆಲ್ಲ ನೋಡಿದ್ದೇವೆ. ಯಂತ್ರ ತಂದು ಬಳ್ಳಿ ಎತ್ತುತ್ತಾರೆ, ಮತ್ತೆ ಹಬ್ಬುತ್ತದೆ. ಚರಂಡಿಯ ನೀರು ಒಳಗೆ ಬರುವುದು ನಿಲ್ಲದ ಹೊರತು ಅದು ಹಬ್ಬುತ್ತಲೇ ಇರುತ್ತದೆ, ಏಕೆಂದರೆ ಆ ಹೊಲಸಿನಲ್ಲಿರುವ ಸಾರಜನಕ, ರಂಜಕಗಳೇ ಅದಕ್ಕೆ ಗೊಬ್ಬರ. ಬಳ್ಳಿ ದಟ್ಟವಾಗಿ ಮುಚ್ಚಿದ ನೀರಿನೊಳಗೆ ಬೆಳಕು ಹೋಗದೆ, ಆಮ್ಲಜನಕ ಕಡಿಮೆಯಾಗಿ ಮೀನು ಸಾಯುತ್ತವೆ. ದೂರದ ಕೆರೆಗೆ ಹೋಗುವ ಮುನ್ನ ಮಕ್ಕಳಿಗೆ ತಮ್ಮ ಊರಿನ ಕೆರೆಯನ್ನು ತೋರಿಸಬೇಕಲ್ಲವೇ?

ವಿದ್ಯಾನಗರದ ಅಕ್ಕ
ನಿಮ್ಮ ತಕರಾರು ಸರಿಯಾಗಿಯೇ ಇದೆ, ಅಣ್ಣಾ. ಉಣಕಲ್ ಕೆರೆಯ ದಂಡೆಯಲ್ಲಿ ನಮ್ಮ ಮಕ್ಕಳು ವಾರಕ್ಕೊಮ್ಮೆಯಾದರೂ ಓಡಾಡುತ್ತಾರೆ. ಆದರೆ ಅಲ್ಲಿ ಉದ್ಯಾನ, ಆಟ, ಚುರುಮುರಿಗಳ ಆಚೆಗೆ ಅವರ ಗಮನ ನೀರಿನ ಕಡೆ ಹೋಗಿದೆಯೇ ಎಂದು ಈಗ ಯೋಚಿಸುತ್ತಿದ್ದೇನೆ. ಹೊರಡುವ ಹಿಂದಿನ ವಾರ ಅವರನ್ನು ಅಲ್ಲಿಗೆ ಕರೆದೊಯ್ದು, ಎಷ್ಟು ಬಗೆಯ ಹಕ್ಕಿಗಳು ಕಾಣುತ್ತವೆ ಎಂದು ಬರೆಸುತ್ತೇನೆ. ಮಾಗಡಿಯಲ್ಲಿ ಬರೆದದ್ದರೊಂದಿಗೆ ಅದನ್ನು ಅವರೇ ಹೋಲಿಸಿ ನೋಡಲಿ.

ಕೆರೆಯಂಗಳ
ನಾನು ಮಾಗಡಿ ಕೆರೆಯ ಸುತ್ತಿನ ರೈತರಲ್ಲಿ ಒಬ್ಬ. ನೀವೆಲ್ಲ ಹೊರಗಿನಿಂದ ಬಂದು ನೋಡಿಹೋಗುವ ಮಾತಾಡುತ್ತಿದ್ದೀರಿ, ಆದ್ದರಿಂದ ಇಲ್ಲಿ ಇರುವವನ ಮಾತನ್ನೂ ಕೇಳಬೇಕು. ಸಂಜೆ ಹೆಬ್ಬಾತು ಎದ್ದು ಹೊಲಕ್ಕೆ ಹೋಗುತ್ತದೆ ಎಂದು ಮೇಲೆ ಯಾರೋ ಬರೆದರು. ಆ ಹೊಲ ಯಾರದು? ಹಿಂಗಾರಿಯಲ್ಲಿ ಎರಿಹೊಲಕ್ಕೆ ಕಡಲೆ, ಬಿಳಿಜೋಳ, ಗೋದಿ ಬಿತ್ತಿರುತ್ತೇವೆ. ನೀರಿದ್ದವರು ಶೇಂಗಾ ಹಾಕಿರುತ್ತಾರೆ. ಎಳೆಯ ಪೈರಿನ ಮೇಲೆ ರಾತ್ರಿ ಒಂದು ಗುಂಪು ಇಳಿದರೆ ಬೆಳಿಗ್ಗೆ ಸಾಲು ಸಾಲೇ ಬೋಳಾಗಿರುತ್ತದೆ. ಚಳಿಯಲ್ಲಿ ಕಂಬಳಿ ಹೊದ್ದು, ಡಬ್ಬಿ ಬಾರಿಸುತ್ತ ಹೊಲ ಕಾಯುವವರು ನಾವು. ಆದರೂ ನಮ್ಮ ಸೀಮೆಯಲ್ಲಿ ಈ ಹಕ್ಕಿಯನ್ನು ಹೊಡೆಯುವುದಿಲ್ಲ, ಹೊಡೆಯಲು ಬಂದವರನ್ನೂ ಬಿಡುವುದಿಲ್ಲ. ನಮ್ಮ ಅಜ್ಜನ ಕಾಲದಿಂದ ಬರುತ್ತಿರುವ ನೆಂಟರು ಅವು.

ನನ್ನ ನೋವು ಹಕ್ಕಿಯ ಮೇಲಲ್ಲ. ಹಕ್ಕಿ ನೋಡಲು ಬರುವವರು ಗಾಡಿಯನ್ನು ಹೊಲದ ದಾರಿಯಲ್ಲಿ ಅಡ್ಡ ನಿಲ್ಲಿಸುತ್ತಾರೆ. ಎತ್ತಿನ ಬಂಡಿ ದಾಟುವುದಿಲ್ಲ. ಕಡಲೆ ಗಿಡ ಕಿತ್ತು ಹಸಿಗಡಲೆ ತಿನ್ನುತ್ತ ಹೊಲದ ನಡುವೆ ನಡೆಯುತ್ತಾರೆ. ಒಂದು ಗಿಡವಾದರೆ ಯಾರೂ ಬೇಡ ಎನ್ನುವುದಿಲ್ಲ, ಕೇಳಿದರೆ ನಾವೇ ಕಿತ್ತು ಕೊಡುತ್ತೇವೆ. ಆದರೆ ಗುಂಪು ಗುಂಪಾಗಿ ಬಂದು ಕೇಳದೆ ಕೀಳುವುದನ್ನು ಸಹಿಸುವುದು ಹೇಗೆ? ಹೋದ ವರ್ಷ ನಮ್ಮ ಬದುವಿನ ಮೇಲೆ ಬಿಟ್ಟುಹೋದ ಪ್ಲಾಸ್ಟಿಕ್ ತಟ್ಟೆಗಳನ್ನು ಆರಿಸಿ ಸಾಕಾಯಿತು.

ಧಾರವಾಡದ ಜೀವಶಾಸ್ತ್ರ ಮೇಷ್ಟ್ರು
ಯಜಮಾನರೇ, ನಿಮ್ಮ ಮಾತು ಈ ಚರ್ಚೆಗೆ ಅತ್ಯಗತ್ಯವಾಗಿತ್ತು. ಒಂದು ವಿಚಾರ ಮಾತ್ರ ಹೇಳುತ್ತೇನೆ. ಹೆಬ್ಬಾತುಗಳಿಂದ ನಷ್ಟವಷ್ಟೇ ಅಲ್ಲ, ಅವುಗಳ ಹಿಕ್ಕೆಯಿಂದ ಹೊಲಕ್ಕೆ ಗೊಬ್ಬರವೂ ಸಿಗುತ್ತದೆ. ಕೊಯ್ಲಿನಲ್ಲಿ ಉದುರಿ ಉಳಿದ ಕಾಳನ್ನೂ ಕಳೆಯನ್ನೂ ಅವು ತಿನ್ನುತ್ತವೆ. ಲೆಕ್ಕ ಹಾಕುವಾಗ ಅದನ್ನೂ ಹಿಡಿಯಬೇಕು.

ಕೆರೆಯಂಗಳ
ಗುರುಗಳೇ, ಹಿಕ್ಕೆ ಗೊಬ್ಬರ ಎಂಬುದನ್ನು ನಾನೂ ಬಲ್ಲೆ. ಆದರೆ ಹಕ್ಕಿ ಹಗಲೆಲ್ಲ ಕೂರುವುದು ಕೆರೆಯಲ್ಲಿ, ಹಾಗಾಗಿ ಗೊಬ್ಬರದ ದೊಡ್ಡ ಪಾಲು ಬೀಳುವುದೂ ಕೆರೆಯಲ್ಲಿ. ಮೇಯುವುದು ಮಾತ್ರ ನನ್ನ ಹೊಲದಲ್ಲಿ. ಹಿಂದೆ ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಹೂಳನ್ನು ಬಂಡಿಯಲ್ಲಿ ಹೇರಿ ಹೊಲಕ್ಕೆ ಹಾಕುತ್ತಿದ್ದರು, ಆಗ ಆ ಸಾಲ ತೀರುತ್ತಿತ್ತು. ಈಗ ಹೂಳು ಹೇರುವವರು ಕಡಿಮೆಯಾಗಿದ್ದಾರೆ, ಸರಕಾರಿ ಗೊಬ್ಬರದ ಚೀಲ ತರುವವರು ಹೆಚ್ಚಾಗಿದ್ದಾರೆ. ಕಳೆ ತಿನ್ನುತ್ತದೆ ಎಂಬುದು ಖಾಲಿ ಹೊಲಕ್ಕೆ ಸರಿ, ಬಿತ್ತಿದ ಹೊಲಕ್ಕೆ ಹೊಂದುವುದಿಲ್ಲ.

ಗದಗಿನ ಹಕ್ಕಿಗಣ್ಣು
ಕಾಕಾ ಹೇಳಿದ್ದೇ ಸರಿ. ಹಕ್ಕಿಯನ್ನು ಉಳಿಸಿದವರು ಈ ರೈತರು, ನಷ್ಟ ಹೊತ್ತವರೂ ಅವರೇ. ಮಾಗಡಿಯ ಹೆಸರು ಹೊರಗೆಲ್ಲ ಹೋಗುವಾಗ ಈ ಮಾತು ಹಿಂದೆ ಉಳಿಯಬಾರದು. ಬೆಳೆ ಹಾನಿಗೆ ತಕ್ಕ ಪರಿಹಾರ ಆಯಾ ಹಂಗಾಮಿನಲ್ಲಿಯೇ ರೈತರ ಕೈ ಸೇರಬೇಕೆಂದು ನಾನು ಬಹಳ ದಿನಗಳಿಂದ ವಾದಿಸುತ್ತಿದ್ದೇನೆ.

ಲಕ್ಷ್ಮೇಶ್ವರದ ತಂಗಿ
ರಾಮ್ಸರ್ ಪಟ್ಟಿಗೆ ಸೇರಿದ್ದರಿಂದ ಮುಂದೆ ಕೆರೆಯ ಸುತ್ತ ಒಕ್ಕಲುತನಕ್ಕೇ ತಡೆ ಬರುತ್ತದೆ ಎಂದು ನಮ್ಮ ಕಡೆ ಮಾತಾಡಿಕೊಳ್ಳುತ್ತಾರೆ. ಇದು ನಿಜವೇ, ಸರ್?

ಧಾರವಾಡದ ಜೀವಶಾಸ್ತ್ರ ಮೇಷ್ಟ್ರು
ಆ ಭಯಕ್ಕೆ ಕಾರಣವಿಲ್ಲ, ತಂಗಿ. ಮಾಗಡಿ ಒಂದು ಸಂರಕ್ಷಣಾ ಮೀಸಲು ಪ್ರದೇಶ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರ ತಿದ್ದುಪಡಿಯ ಮೂಲಕ ಸೇರಿಸಿದ ವರ್ಗ ಇದು. ಸರಕಾರದ ಒಡೆತನದ ಜಾಗವನ್ನು, ಸ್ಥಳೀಯ ಜನರೊಂದಿಗೆ ಸಮಾಲೋಚಿಸಿ, ಈ ವರ್ಗದಲ್ಲಿ ಘೋಷಿಸುತ್ತಾರೆ. ಖಾಸಗಿ ಹೊಲಗಳನ್ನು ಅದು ನುಂಗುವುದಿಲ್ಲ. ರಾಮ್ಸರ್ ಒಪ್ಪಂದದ ಮೂಲ ತತ್ವವೂ ಜನರನ್ನು ಹೊರಗಿಡುವುದಲ್ಲ. ನೀರನ್ನು ಕೆಡಿಸದೆ ವಿವೇಕದಿಂದ ಬಳಸುವುದೇ ಅದರ ತಿರುಳು. 2017ರ ಜೌಗು ಪ್ರದೇಶ ನಿಯಮಗಳು ಕಟ್ಟುನಿಟ್ಟಾಗಿ ತಡೆಯುವುದು ಒತ್ತುವರಿ, ಕಸ ಸುರಿಯುವುದು, ಶುದ್ಧೀಕರಿಸದ ಹೊಲಸು ನೀರನ್ನು ಬಿಡುವುದು, ಬೇಟೆ, ನೀರಿನ ಅಂಚಿಗೆ ಶಾಶ್ವತ ಕಟ್ಟಡ ಎಬ್ಬಿಸುವುದು ಇಂಥವುಗಳನ್ನು. ಕಡಲೆ ಬಿತ್ತುವವನಿಗೆ ಇದರಿಂದ ತೊಂದರೆಯಿಲ್ಲ. ಕೆರೆಯ ದಂಡೆಗೆ ರೆಸಾರ್ಟ್ ಕಟ್ಟಲು ಹವಣಿಸುವವನಿಗೆ ತೊಂದರೆ ಇದೆ.

ಮಸೂರದ ಕಣ್ಣು
ನಾನು ಹವ್ಯಾಸಿ ಛಾಯಾಗ್ರಾಹಕ. ಒಡ್ಡಿನ ಮೇಲೆ ನಿಂತರೆ ಹೆಬ್ಬಾತು ಬಹಳ ದೂರವಾಗುತ್ತದೆ. ನೀರು ಇಳಿದ ಕಡೆಯಿಂದ ಕೆರೆಯಂಗಳಕ್ಕೆ ಇಳಿದು ಹತ್ತಿರ ಹೋಗಬಹುದೇ? ಸಾವಿರಾರು ಹಕ್ಕಿಗಳು ಒಟ್ಟಿಗೆ ಹಾರುವ ಒಂದು ಚಿತ್ರ ತೆಗೆಯಬೇಕೆಂಬ ಆಸೆ ನನಗಿದೆ. ಡ್ರೋನ್ ಹಾರಿಸಿದರೂ ಸಾಕಿತ್ತು.

ಗದಗಿನ ಹಕ್ಕಿಗಣ್ಣು
ದಯವಿಟ್ಟು ಎರಡನ್ನೂ ಮಾಡಬೇಡಿ. ಹಗಲಿನಲ್ಲಿ ಹೆಬ್ಬಾತನ್ನು ಎಬ್ಬಿಸುವುದೆಂದರೆ ಅದರ ಬುತ್ತಿಯನ್ನು ಕಸಿಯುವುದು. ಮಾರ್ಚ್ ಹೊತ್ತಿಗೆ ಅದು ಹಿಮಾಲಯವನ್ನು ಮತ್ತೆ ದಾಟಬೇಕು. ಜಿಪಿಎಸ್ ಕಟ್ಟಿ ಕಳಿಸಿದ ಹೆಬ್ಬಾತುಗಳು ಸಮುದ್ರಮಟ್ಟದಿಂದ 7,000 ಮೀಟರಿಗಿಂತ ಎತ್ತರದಲ್ಲಿ ಹಾರಿದ ದಾಖಲೆಗಳಿವೆ. ಆ ಪಯಣಕ್ಕೆ ಬೇಕಾದ ಕೊಬ್ಬನ್ನು ಅದು ಕೂಡಿಟ್ಟುಕೊಳ್ಳುವುದು ಇಲ್ಲಿ, ಈ ಮೂರು ನಾಲ್ಕು ತಿಂಗಳಲ್ಲಿ. ನಾವು ಒಂದು ಚಿತ್ರಕ್ಕಾಗಿ ಇಡೀ ಹಿಂಡನ್ನು ಹಾರಿಸಿದರೆ, ಕಳೆದ ಶಕ್ತಿಯನ್ನು ಮರಳಿ ಪಡೆಯಲು ಅದು ಆ ರಾತ್ರಿ ಇನ್ನಷ್ಟು ಮೇಯಬೇಕಾಗುತ್ತದೆ. ಎಲ್ಲಿ ಮೇಯುತ್ತದೆ ಎಂಬುದನ್ನು ಮೇಲೆ ಕಾಕಾ ಬರೆದಿದ್ದಾರೆ.

ಹಿಂಡಿನ ಅಂಚಿನಲ್ಲಿ ಕೆಲವು ಹಕ್ಕಿಗಳು ಯಾವಾಗಲೂ ಕಾವಲಿಗೆ ನಿಂತಿರುತ್ತವೆ. ಉಳಿದವು ತಲೆಯನ್ನು ರೆಕ್ಕೆಯೊಳಗೆ ಹುದುಗಿಸಿಕೊಂಡಿದ್ದರೂ ಇವುಗಳ ಕುತ್ತಿಗೆ ನೆಟ್ಟಗಿರುತ್ತದೆ. ನೀವು ನಡೆಯುತ್ತಿರುವಾಗ ನೆಟ್ಟಗಾದ ಕುತ್ತಿಗೆಗಳ ಸಂಖ್ಯೆ ಏರತೊಡಗಿತೆಂದರೆ ಅಲ್ಲಿಯೇ ನಿಲ್ಲಬೇಕು. ಅವು ಒಂದೇ ದಿಕ್ಕಿಗೆ ಮುಖ ಮಾಡಿ ಮೆಲ್ಲಗೆ ನಡೆಯತೊಡಗಿದರೆ ಹಿಂದೆ ಸರಿಯಬೇಕು. ಹಾರುವ ಚಿತ್ರ ಬೇಕಾದರೆ ಸಂಜೆ ಬನ್ನಿ. ಆರು ಗಂಟೆಯ ಸುಮಾರಿಗೆ ಅವು ತಾವಾಗಿಯೇ ಏಳುತ್ತವೆ, ಪಶ್ಚಿಮದ ಬೆಳಕಿನಲ್ಲಿ ಎಂಥ ಚಿತ್ರ ಬೇಕಾದರೂ ಸಿಗುತ್ತದೆ.

ಮಸೂರದ ಕಣ್ಣು
ಕಾವಲು ಹಕ್ಕಿಗಳ ವಿಷಯ ನನಗೆ ಯಾರೂ ಹೇಳಿರಲಿಲ್ಲ. ಸಂಜೆಯೇ ಬರುತ್ತೇನೆ.

ಬ್ಯಾಡಗಿಯ ಹುಡುಗ
ಮಾಗಡಿ ಮುಗಿಯಿತು, ಈಗ ನಮ್ಮ ಜಿಲ್ಲೆಯ ಮಾತಿಗೆ ಬನ್ನಿ. ರಾಣೆಬೆನ್ನೂರಿನ ಅಭಯಾರಣ್ಯವನ್ನು ಕೃಷ್ಣಮೃಗಗಳಿಗಾಗಿ 1974ರಲ್ಲಿ ಘೋಷಿಸಿದರು, ವಿಸ್ತೀರ್ಣ 119 ಚದರ ಕಿಲೋಮೀಟರ್. ಆದರೆ ಅದರ ಗರ್ಭಭಾಗ 15 ಚದರ ಕಿಲೋಮೀಟರಿನಷ್ಟು ಮಾತ್ರ. ಉಳಿದದ್ದರಲ್ಲಿ ಬಹುಪಾಲು ಹಿಂದೆ ನೆಟ್ಟ ನೀಲಗಿರಿ. ಕೃಷ್ಣಮೃಗ ದೂರದವರೆಗೆ ಕಣ್ಣು ಹಾಯುವ ಬಯಲಿನ ಪ್ರಾಣಿ. ಅಪಾಯವನ್ನು ಕಣ್ಣಿನಿಂದ ಗುರುತಿಸಿ ಓಟದಿಂದ ಪಾರಾಗುತ್ತದೆ. ಹುಲ್ಲುಗಾವಲನ್ನು ಪಾಳುಭೂಮಿ ಎಂದು ತಿಳಿದು ಅದರಲ್ಲಿ ಗಿಡ ನೆಡುವುದೇ ಪುಣ್ಯವೆಂದು ನಂಬಿದ ಕಾಲದ ಫಲ ಇದು. ಒಂದು ಕಾಲಕ್ಕೆ ಇಲ್ಲಿ ಎರೆಭೂತವೂ (ಗ್ರೇಟ್ ಇಂಡಿಯನ್ ಬಸ್ಟರ್ಡ್ ಎಂಬ ಬಯಲಿನ ದೊಡ್ಡ ಹಕ್ಕಿ) ಇತ್ತು. ಈಗ ರಾಜ್ಯದಲ್ಲಿ ಆ ಹಕ್ಕಿಯ ಮಾತು ಬಂದರೆ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಡೆ ಬೆರಳು ತೋರಿಸಬೇಕಾಗಿದೆ. ಮಕ್ಕಳಿಗೆ ಜಿಂಕೆ ತೋರಿಸುವಾಗ ಇದನ್ನೂ ತೋರಿಸಬೇಕು, ಅಕ್ಕಾ: ನೀಲಗಿರಿಯ ಕೆಳಗೆ ಹುಲ್ಲು ಎಷ್ಟಿದೆ, ಬಯಲಿನಲ್ಲಿ ಎಷ್ಟಿದೆ ಎಂದು ಅವರೇ ಬಗ್ಗಿ ನೋಡಲಿ.

ರಾಣೆಬೆನ್ನೂರ ಬೀಜದಂಗಡಿ
ನೀಲಗಿರಿಯನ್ನು ಬರೀ ಬೈಯುವುದೂ ಸರಿಯಲ್ಲ. ಆ ಕಾಲದಲ್ಲಿ ಉರುವಲಿಗೆ, ಕಂಬಕ್ಕೆ, ಕಾರ್ಖಾನೆಯ ತಿರುಳಿಗೆ ಮರ ಬೇಕಾಗಿತ್ತು. ತೋಪಿನ ನೆರಳಿನಲ್ಲಿ ನಡುಹಗಲು ಕೃಷ್ಣಮೃಗಗಳು ಮಲಗಿರುವುದನ್ನು ನಾನೇ ನೋಡಿದ್ದೇನೆ. ಜಿಂಕೆಯ ಸಂಖ್ಯೆ ಹೆಚ್ಚಾದ ಕಡೆಗಳಲ್ಲಿ ಗೋವಿನಜೋಳದ ಹೊಲಕ್ಕೆ ನುಗ್ಗುತ್ತದೆ ಎಂಬ ದೂರೂ ಇದೆ.

ಬ್ಯಾಡಗಿಯ ಹುಡುಗ
ನೆರಳಿಗೆ ಮಲಗುವುದು ಬೇರೆ, ಮೇವು ಸಿಗುವುದು ಬೇರೆ, ಅಣ್ಣಾ. ತೋಪಿನೊಳಗೆ ಮೇವು ಸಿಗದ ಕಾರಣಕ್ಕೇ ಅವು ನಿಮ್ಮ ಗೋವಿನಜೋಳಕ್ಕೆ ಬರುತ್ತಿರಬಹುದಲ್ಲವೇ? ಬಯಲನ್ನು ಬಯಲಾಗಿ ಉಳಿಸಿದ್ದರೆ ರೈತನಿಗೂ ಅಷ್ಟು ತೊಂದರೆ ಇರುತ್ತಿರಲಿಲ್ಲ ಎಂಬುದು ನನ್ನ ವಾದ.

ಮುಂಡರಗಿ ಓದುಗ
ಕಪ್ಪತಗುಡ್ಡವನ್ನು 'ಒಂದು ಸುತ್ತು ಹಾಕಿ ಬರುವ' ಜಾಗದಂತೆ ಬರೆದಿರುವುದನ್ನು ಓದಿ ಮನಸ್ಸಿಗೆ ಬೇಸರವಾಯಿತು. ಬಯಲುಸೀಮೆಯ ನಡುವೆ ಇರುವ ಈ ಗುಡ್ಡಸಾಲನ್ನು ಉತ್ತರ ಕರ್ನಾಟಕದ ಸಹ್ಯಾದ್ರಿ ಎಂದು ಕರೆಯುತ್ತಾರೆ. ಔಷಧಿ ಸಸ್ಯಗಳಿಗೆ ಹೆಸರಾದದ್ದು. ಚಿರತೆ, ತೋಳ, ಕತ್ತೆಕಿರುಬಗಳ ನೆಲೆ. ಮಣ್ಣಿನಲ್ಲಿ ಕಬ್ಬಿಣ, ಚಿನ್ನ ಇರುವುದರಿಂದ ಗಣಿಯ ಕಣ್ಣು ಸದಾ ಇದರ ಮೇಲಿದೆ. 2015ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿ, ಮರುವರ್ಷ ಅದನ್ನು ಹಿಂತೆಗೆದುಕೊಂಡಾಗ ಗದಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳ ಮುಂದಾಳತ್ವದಲ್ಲಿ ಜನರು ಬೀದಿಗಿಳಿದರು. 2017ರಲ್ಲಿ ಆ ಸ್ಥಾನ ಮರಳಿ ಬಂತು, 2019ರಲ್ಲಿ 244 ಚದರ ಕಿಲೋಮೀಟರ್ ಪ್ರದೇಶ ವನ್ಯಜೀವಿ ಧಾಮವಾಯಿತು. ಸ್ವಾಮಿಗಳು ಅದನ್ನು ನೋಡಲು ಉಳಿದಿರಲಿಲ್ಲ, 2018ರಲ್ಲಿಯೇ ಲಿಂಗೈಕ್ಯರಾಗಿದ್ದರು.

ಕೆರೆಗಳ ಪ್ರವಾಸಕ್ಕೂ ಗುಡ್ಡಕ್ಕೂ ಏನು ಸಂಬಂಧವೆಂದು ಯಾರಾದರೂ ಕೇಳಬಹುದು. ಗುಡ್ಡದ ಮೇಲಿನ ಹುಲ್ಲು, ಕುರುಚಲು ಗಿಡಗಳು ಮಳೆಯ ನೀರನ್ನು ತಡೆದು ನಿಧಾನವಾಗಿ ಕೆಳಗೆ ಬಿಡುವುದರಿಂದಲೇ ಬುಡದ ಹಳ್ಳಿಗಳ ಹಳ್ಳ, ಕೆರೆ, ಬಾವಿಗಳಲ್ಲಿ ನೀರು ನಿಲ್ಲುತ್ತದೆ. ಹುಲ್ಲು ಸುಟ್ಟರೆ ಮಣ್ಣು ಜಾರಿ ಕೆರೆಯ ಹೂಳಾಗುತ್ತದೆ. ಜನವರಿಯಿಂದಾಚೆಗೆ ಆ ಹುಲ್ಲು ಪೂರ್ತಿ ಒಣಗಿರುತ್ತದೆ. ಪ್ರವಾಸಿಗರು ಬಿಸಾಡಿದ ಒಂದು ಬೀಡಿಯ ತುಂಡು ಸಾಕು. ಅದನ್ನು ನೋಡಬೇಕೆಂದಿದ್ದರೆ ಮಳೆ ಬಿದ್ದ ಮೇಲೆ ಆಗಸ್ಟ್ ತಿಂಗಳಿನಲ್ಲಿ ಅದಕ್ಕೆಂದೇ ಬನ್ನಿ.

ಶಿಗ್ಗಾವಿ ಸಂಚಾರಿ
ಮುಂಡರಗಿಯವರೇ, ಗುಡ್ಡವನ್ನು ಹಗುರ ಮಾಡುವ ಉದ್ದೇಶ ನನಗಿರಲಿಲ್ಲ. ಆದರೂ ನನ್ನ ಮೂಲ ಮಾತನ್ನು ಬಿಡುವುದಿಲ್ಲ. ವರ್ಷಕ್ಕೊಮ್ಮೆ ಹೊರಡುವ ಸಂಸಾರಸ್ಥರಿಗೆ 'ಆಗಸ್ಟಿನಲ್ಲಿ ಬನ್ನಿ, ಮಳೆಗಾಲದಲ್ಲಿ ಬನ್ನಿ' ಎಂದು ಹೇಳುವುದು ಸುಲಭ. ಅವರಿಗೆ ಸಿಗುವುದು ಈ ಒಂದೂವರೆ ದಿನ. ಕನಿಷ್ಠ ಮೂರು ಜಾಗಗಳನ್ನಾದರೂ ಸೇರಿಸಿ ಕೊಡಿ.

ಹಾನಗಲ್ಲ ಮನೆ
ಮೂರನ್ನು ಸೇರಿಸಬಹುದು. ಶನಿವಾರ ಮಧ್ಯಾಹ್ನ ಹುಬ್ಬಳ್ಳಿ ಬಿಟ್ಟು ಹೆದ್ದಾರಿಯಲ್ಲಿ ಬಂಕಾಪುರ, ಸಂಜೆ ನವಿಲು. ಅಲ್ಲಿಂದ ಸವಣೂರಿನ ಮೇಲೆ ಲಕ್ಷ್ಮೇಶ್ವರಕ್ಕೆ ಹೋಗಿ ರಾತ್ರಿ ಉಳಿದರೆ ಬೆಳಿಗ್ಗೆ ಮಾಗಡಿ ಕೆರೆ ಹತ್ತಿರ. ಹುಬ್ಬಳ್ಳಿಯಿಂದ ಕತ್ತಲಲ್ಲೇ ಎದ್ದು ಕುಂದಗೋಳದ ಮೇಲೆ ಬರುವುದಕ್ಕಿಂತ, ಅತ್ತೆಯವರು ಜೊತೆಗಿರುವಾಗ, ಇದೇ ಉತ್ತಮ. ಕೆರೆಯ ಬಳಿ ಒಂಬತ್ತರವರೆಗೆ ಇದ್ದು, ನಾಷ್ಟಾ ಮುಗಿಸಿ ನಿಧಾನವಾಗಿ ರಾಣೆಬೆನ್ನೂರಿನ ಕಡೆ ಹೊರಡಿ. ನಾಲ್ಕು ಗಂಟೆಯ ನಂತರ ಬಿಸಿಲು ಇಳಿದಾಗ ಕೃಷ್ಣಮೃಗಗಳು ಮತ್ತೆ ಬಯಲಿಗೆ ಬರುತ್ತವೆ. ಗಂಡುಗಳ ತಿರುಚಿದ ಕೊಂಬು, ಕಪ್ಪು ಮೈ ದೂರದಿಂದಲೇ ಗೊತ್ತಾಗುತ್ತದೆ. ಹೆಣ್ಣುಗಳಿಗೆ ಕೊಂಬಿಲ್ಲ, ಮೈ ಕಂದು. ಕತ್ತಲಾಗುವ ಮುನ್ನ ಹೆದ್ದಾರಿ ಹಿಡಿದರೆ ಊಟದ ಹೊತ್ತಿಗೆ ಹುಬ್ಬಳ್ಳಿ.

ಗದಗಿನ ಹಕ್ಕಿಗಣ್ಣು
ಈ ಯೋಜನೆಯನ್ನು ನಾನು ಒಪ್ಪುತ್ತೇನೆ. ರಾಣೆಬೆನ್ನೂರನ್ನು ಬಿಟ್ಟು, ಸಂಜೆಯೂ ಮಾಗಡಿಯಲ್ಲೇ ಇದ್ದಿದ್ದರೆ ನನಗೆ ಇನ್ನಷ್ಟು ಸಂತೋಷವಾಗುತ್ತಿತ್ತು, ಆದರೆ ಅದು ನನ್ನ ಹಂಬಲ.

ವಿದ್ಯಾನಗರದ ಅಕ್ಕ
ಹಾನಗಲ್ಲದವರ ದಾರಿಯೇ ನಮಗೆ ಸರಿಹೊಂದುತ್ತದೆ. ಮನೆಯವರೆಲ್ಲ ಒಪ್ಪಿದ್ದಾರೆ, ಅತ್ತೆಯವರು ಆಗಲೇ ಕಟಕರೊಟ್ಟಿ, ಶೇಂಗಾ ಚಟ್ನಿಯ ಲೆಕ್ಕ ಹಾಕುತ್ತಿದ್ದಾರೆ. ತಟ್ಟೆ, ಲೋಟ ಎಲ್ಲವೂ ಸ್ಟೀಲಿನದೇ ಇರುತ್ತವೆ. ಕೆರೆಯಂಗಳದ ಅಣ್ಣನವರಲ್ಲಿ ಒಂದು ವಿನಂತಿ: ಹಕ್ಕಿ ನೋಡಿದ ಮೇಲೆ ಮಕ್ಕಳು ನಿಮ್ಮ ಹೊಲದ ಬದುವಿನಲ್ಲಿ ಸ್ವಲ್ಪ ಹೊತ್ತು ಕುಳಿತು, ನೀವು ಇಲ್ಲಿ ಬರೆದ ಮಾತನ್ನು ನಿಮ್ಮ ಬಾಯಿಂದಲೇ ಕೇಳಬಹುದೇ? ಗಾಡಿಯನ್ನು ಎಲ್ಲಿ ನಿಲ್ಲಿಸಬೇಕು ಎಂಬುದನ್ನೂ ತಿಳಿಸಿ.

ಕೆರೆಯಂಗಳ
ಬನ್ನಿ ತಾಯಿ, ಅವಶ್ಯವಾಗಿ ಬನ್ನಿ. ಗಾಡಿಯನ್ನು ಡಾಂಬರು ರಸ್ತೆಯ ಬದಿಗೇ ನಿಲ್ಲಿಸಿ ನಡೆದುಕೊಂಡು ಬನ್ನಿ, ಹೊಲದ ದಾರಿಗೆ ಇಳಿಸಬೇಡಿ. ಹಿರಿಯರಿಗೆ ನಡೆಯಲು ಕಷ್ಟವಾದರೆ ಅಲ್ಲಿಯೇ ಒಂದು ಕುರ್ಚಿ ಹಾಕಿ ಕೂರಿಸಿ, ಹಕ್ಕಿಗಳು ತಲೆಯ ಮೇಲೆಯೇ ಹಾಯ್ದು ಹೋಗುತ್ತವೆ. ಮಕ್ಕಳು ಕೆಂಪು, ಬಿಳಿ ಅಂಗಿ ಬಿಟ್ಟು ಮಣ್ಣಿನ ಬಣ್ಣದ ಬಟ್ಟೆ ಹಾಕಿಕೊಂಡು ಬರಲಿ. ಹೊಲದಲ್ಲಿ ರಾತ್ರಿ ಮೇಯ್ದ ಗುರುತು, ಹೆಜ್ಜೆ, ಹಿಕ್ಕೆ ಎಲ್ಲವನ್ನೂ ತೋರಿಸುತ್ತೇನೆ. ಹಸಿಗಡಲೆಯನ್ನು ನಾನೇ ಕಿತ್ತು ಕೊಡುತ್ತೇನೆ.

ಲಕ್ಷ್ಮೇಶ್ವರದ ತಂಗಿ
ಈ ವರ್ಷ ಕೆರೆಯಲ್ಲಿ ನೀರು ಹೆಚ್ಚಾಗಿದ್ದು ಅಂಚಿನ ಬಯಲು ಮುಳುಗಿದ್ದರೆ ಹಕ್ಕಿಗಳು ಕೂರುತ್ತವೆಯೇ?

ಗದಗಿನ ಹಕ್ಕಿಗಣ್ಣು
ಒಳ್ಳೆಯ ಪ್ರಶ್ನೆ ಕೇಳಿದ್ದೀರಿ. ಹೆಬ್ಬಾತಿಗೆ ಕಾಲೂರಿ ನಿಲ್ಲಲು ತೆಳುನೀರು, ತೆರೆದ ಅಂಚು ಬೇಕು. ಕೆರೆ ತುಂಬಿ ತುಳುಕಿದ ವರ್ಷವೂ, ಪೂರ್ತಿ ಬತ್ತಿದ ವರ್ಷವೂ ಹಿಂಡುಗಳು ಚದುರಿ ಶೆಟ್ಟಿಕೇರಿಯ ಕೆರೆಗೋ ಸುತ್ತಲಿನ ಬೇರೆ ಕೆರೆಗಳಿಗೋ ಹೋಗಬಹುದು. ಆದ್ದರಿಂದ ವಿದ್ಯಾನಗರದ ಅಕ್ಕನವರು ಹೊರಡುವ ಎರಡು ದಿನ ಮೊದಲು ಇಲ್ಲಿಯೇ ಒಂದು ಸಾಲು ಬರೆಯಲಿ. ನಾನು ಆ ವಾರ ಹೇಗೂ ಶಿರಹಟ್ಟಿಗೆ ಹೋಗುವವನಿದ್ದೇನೆ, ಕೆರೆಯ ಸ್ಥಿತಿಯನ್ನು ನೋಡಿ ಮಾಗಡಿಯೋ ಶೆಟ್ಟಿಕೇರಿಯೋ ಎಂಬುದನ್ನು ತಿಳಿಸುತ್ತೇನೆ.